ಗರ್ಭಕೋಶ ಜಾರುವಿಕೆಯ ಶಸ್ತ್ರಚಿಕಿತ್ಸೆ ಮತ್ತು ಸ್ಟೀರಾಯ್ಡ್ ಮಾತ್ರೆ

ಹಲವು ಹೆರಿಗೆಗಳು, ಮುಟ್ಟು ನಿಂತ ಬಳಿಕ ಉಂಟಾಗುವ ಹಾರ್ಮೋನಿನ ಕೊರತೆ, ವರ್ಷಗಟ್ಟಲೆ ಹೊತ್ತ ಭಾರ, ಬಿಡದ ಕೆಮ್ಮು ಮೊದಲಾದ ಕಾರಣಗಳಿಂದ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲಗೊಳ್ಳುತ್ತವೆ. ಆಗ ಗರ್ಭಕೋಶ, ಮೂತ್ರಕೋಶ ಅಥವಾ ಗುದನಾಳವು ಯೋನಿಯೊಳಕ್ಕೆ ಇಳಿಯುತ್ತದೆ. ಸಂಕೋಚದಿಂದ ಬಹುಕಾಲ ಸಹಿಸಿಕೊಂಡ ತಾಯಂದಿರು ಶಸ್ತ್ರಚಿಕಿತ್ಸೆಗೆ ಬರುವಾಗ, ಅವರಲ್ಲಿ ಕೆಲವರು ಸಂಧಿವಾತಕ್ಕೋ ಉಬ್ಬಸಕ್ಕೋ ಪ್ರೆಡ್ನಿಸೊಲೋನ್‌ನಂತಹ ಸ್ಟೀರಾಯ್ಡ್ ಮಾತ್ರೆಯನ್ನು ಸೇವಿಸುತ್ತಿರುತ್ತಾರೆ. ಈ ಸಂಗತಿಯನ್ನು ವೈದ್ಯರಿಂದ ಮರೆಮಾಚುವುದೂ, ಹೆದರಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ಸಮಾನವಾಗಿ ಅಪಾಯಕರ.

ಗಾಯ ಮಾಯಬೇಕಾದರೆ ಮೊದಲು ಅಲ್ಲಿ ತುಸು ಉರಿಯೂತವಾಗಬೇಕು. ಬಳಿಕ ಕೊಲಾಜೆನ್ ಎಂಬ ನಾರುಪದಾರ್ಥ ಹೆಣೆದುಕೊಳ್ಳಬೇಕು. ಸ್ಟೀರಾಯ್ಡ್ ಇವೆರಡನ್ನೂ ತಗ್ಗಿಸುತ್ತದೆ. ಆದುದರಿಂದ ಹೊಲಿಗೆ ನಿಧಾನವಾಗಿ ಕೂಡುತ್ತದೆ, ಸೋಂಕಿನ ಸಂಭವ ಹೆಚ್ಚುತ್ತದೆ, ರಕ್ತದ ಸಕ್ಕರೆಯೂ ಏರಬಹುದು.

ಹಾಗಾದರೆ ಮಾತ್ರೆ ಬಿಡಬಾರದೇಕೆ? ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಮೂರು ನಾಲ್ಕು ವಾರಗಳಿಗಿಂತ ಹೆಚ್ಚು ಕಾಲ ಮಾತ್ರೆ ಸೇವಿಸಿದವರಲ್ಲಿ ಈ ಗ್ರಂಥಿಗಳು ಜಡವಾಗಿರಬಹುದು. ಶಸ್ತ್ರಚಿಕಿತ್ಸೆಯ ವೇಳೆ ಶರೀರಕ್ಕೆ ಕಾರ್ಟಿಸಾಲ್ ಹೆಚ್ಚಾಗಿಯೇ ಬೇಕು. ಆಗ ಮಾತ್ರೆಯೂ ಇಲ್ಲದಿದ್ದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಅಗತ್ಯವೆನಿಸಿದರೆ ಅರಿವಳಿಕೆ ತಜ್ಞರು ಆ ದಿನ ಚುಚ್ಚುಮದ್ದಿನ ಮೂಲಕ ಹೆಚ್ಚುವರಿ ಸ್ಟೀರಾಯ್ಡ್ ನೀಡುತ್ತಾರೆ. ಉಬ್ಬಸದವರು ಔಷಧವನ್ನು ಬಿಟ್ಟರೆ ಕೆಮ್ಮು ಮರುಕಳಿಸಿ ಹೊಸ ಹೊಲಿಗೆಯನ್ನೇ ಜಗ್ಗುತ್ತದೆ.

ಆದಕಾರಣ ಔಷಧದ ಹೆಸರು, ಪ್ರಮಾಣ, ಎಷ್ಟು ಕಾಲದಿಂದ ಸೇವಿಸುತ್ತಿರುವಿರಿ ಎಂಬುದನ್ನು ಮುಂಚಿತವಾಗಿಯೇ ತಿಳಿಸಿರಿ. ಮಂಡಿನೋವಿಗೆಂದು ಕೊಂಡ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿಯೂ ಸ್ಟೀರಾಯ್ಡ್ ಬೆರೆತಿರುವುದುಂಟು, ಅವುಗಳನ್ನೂ ತೋರಿಸಿರಿ.

ಮನೆಗೆ ಮರಳಿದ ಮೇಲೆ ಕನಿಷ್ಠ ಆರು ವಾರ ಕೊಡ, ಬಕೆಟ್ಟು, ಮೊಮ್ಮಕ್ಕಳನ್ನು ಎತ್ತಬಾರದು. ಮಾತ್ರೆ ಸೇವಿಸುವವರಿಗೆ ವೈದ್ಯರು ಈ ಅವಧಿಯನ್ನು ಹೆಚ್ಚಿಸಬಹುದು. ಬೇಳೆ, ಕಾಳು, ಹಾಲು, ಸೊಪ್ಪು ಆಹಾರದಲ್ಲಿರಲಿ. ಮಲಬದ್ಧತೆಯಾಗದಂತೆ ನೀರು ಕುಡಿಯಿರಿ. ಮಧುಮೇಹವಿದ್ದವರು ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುತ್ತಿರಬೇಕು.

ಸ್ಟೀರಾಯ್ಡ್ ಜ್ವರವನ್ನೂ ನೋವನ್ನೂ ಮರೆಸಬಲ್ಲದು. ಆದ್ದರಿಂದ ಜ್ವರವಿಲ್ಲವೆಂದು ನಿಶ್ಚಿಂತರಾಗದೆ, ದುರ್ವಾಸನೆಯ ಸ್ರಾವ, ಹೆಚ್ಚುವ ರಕ್ತಸ್ರಾವ, ಮೂತ್ರ ಕಟ್ಟುವುದು, ಎಡೆಬಿಡದ ವಾಂತಿ ಅಥವಾ ತಲೆಸುತ್ತು ಕಂಡೊಡನೆ ಆಸ್ಪತ್ರೆಗೆ ತೆರಳಬೇಕು. ಮನೆಯವರೂ ಈ ಲಕ್ಷಣಗಳನ್ನು ಅರಿತಿರಲಿ. ಸಂಕೋಚದಿಂದ ತಾಯಿ ಹೇಳದಿದ್ದರೂ ಅವರೇ ಕೇಳಿ ತಿಳಿದುಕೊಳ್ಳಲಿ.