ಗದ್ದಲದ ಕೋಣೆಯಿಂದ ಗಾಳಿಗುಡ್ಡದವರೆಗೆ

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ, ಅಂದರೆ ಎನ್‌ಎಎಲ್‌ನಲ್ಲಿ, 1100 ಘನ ಮೀಟರ್ ಅಳತೆಯ ಒಂದು ಕಾಂಕ್ರೀಟ್ ಕೋಣೆಯಿದೆ. ಉಪಗ್ರಹಗಳನ್ನೂ ರಾಕೆಟ್ಟಿನ ಭಾಗಗಳನ್ನೂ ಅದರೊಳಗಿಟ್ಟು 157 ಡೆಸಿಬೆಲ್‌ವರೆಗಿನ ಸದ್ದಿಗೆ ಒಡ್ಡಬಹುದು. 120 ಡೆಸಿಬೆಲ್ ದಾಟುವ ಹೊತ್ತಿಗೇ ಮನುಷ್ಯನ ಕಿವಿ ನೋಯತೊಡಗುತ್ತದೆ. ಹತ್ತು ಡೆಸಿಬೆಲ್ ಏರಿದರೆ ಸದ್ದಿನ ತೀವ್ರತೆ ಹತ್ತು ಪಟ್ಟಾಗುತ್ತದೆ. ಆ ಲೆಕ್ಕದಲ್ಲಿ 157 ಡೆಸಿಬೆಲ್ ಎಂದರೆ ಕಿವಿ ನೋಯಿಸುವ ಸದ್ದಿನ ಐದು ಸಾವಿರ ಪಟ್ಟು. ಒತ್ತಡವಾಗಿ ಹೇಳಿದರೆ ಸುಮಾರು 1400 ಪ್ಯಾಸ್ಕಲ್. ಒಂದು ಚದರ ಮೀಟರ್ ಹಲಗೆಯ ಮೇಲೆ ಅದು ಏಕಕಾಲಕ್ಕೆ ಬಿದ್ದರೆ 140 ಕಿಲೋ ಭಾರದಷ್ಟು ತಳ್ಳಾಟ ಸೆಕೆಂಡಿಗೆ ಹತ್ತಾರು, ನೂರಾರು ಸಲ ಹಿಂದುಮುಂದಾಗುತ್ತದೆ. ಆದರೆ ಈ ತಂತ್ರಜ್ಞಾನದ ಹೆಚ್ಚುಗಾರಿಕೆ ಇರುವುದು ಅಬ್ಬರದಲ್ಲಲ್ಲ, ಅಬ್ಬರದ ಹಿಂದೆ ಮುಂದೆ ನಡೆಯುವ ಸೂಕ್ಷ್ಮ ಆಲಿಸುವಿಕೆಯಲ್ಲಿ. ಆ ಆಲಿಸುವಿಕೆ ಉಪಗ್ರಹಕ್ಕಷ್ಟೇ ಮೀಸಲಾಗಬೇಕಿಲ್ಲ. ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ತಿರುಗುತ್ತಿರುವ ಗಾಳಿಯಂತ್ರಗಳಿಗೂ ಅದು ಬೇಕು ಎಂಬುದು ನನ್ನ ವಾದ.

ಉಪಗ್ರಹಕ್ಕೆ ಸದ್ದಿನ ಭಯವೇಕೆ? ರಾಕೆಟ್ ನೆಲ ಬಿಡುವಾಗ ಅದರ ಶಕ್ತಿಯ ಒಂದು ಸಣ್ಣ ಪಾಲು ಸದ್ದಾಗಿ ಹೊಮ್ಮಿ, ನೆಲಕ್ಕೆ ಬಡಿದು, ಮೇಲಕ್ಕೇ ತಿರುಗುತ್ತದೆ. 1981ರ ಏಪ್ರಿಲ್ 12ರಂದು ಅಮೆರಿಕದ ಕೊಲಂಬಿಯಾ ನೌಕೆ ಮೊದಲ ಸಲ ಹಾರಿದಾಗ ಬೂಸ್ಟರ್‌ಗಳು ಹೊತ್ತಿಕೊಂಡ ಕ್ಷಣದ ಒತ್ತಡದ ಅಲೆ ನಿರೀಕ್ಷೆ ಮೀರಿತು. ಆ ಯಾನದಲ್ಲಿ ನೌಕೆ 16 ಉಷ್ಣರಕ್ಷಕ ಬಿಲ್ಲೆಗಳನ್ನು ಕಳೆದುಕೊಂಡಿತು. ಮುಂದಿನ ಹಾರಾಟಗಳಿಗೆ ಬೂಸ್ಟರ್‌ಗಳ ಬಳಿ ನೀರು ಸುರಿಸುವ ಏರ್ಪಾಡು ಹೆಚ್ಚಾಯಿತು. ಉಪಗ್ರಹವನ್ನು ಅಲುಗಾಡಿಸುವ ಮೇಜಿನ ಮೇಲಿಟ್ಟು ಕುಲುಕಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಮೇಜು ಕುಲುಕುವುದು ಬುಡದಿಂದ. ಸೌರಫಲಕ, ಆಂಟೆನಾ ತಟ್ಟೆಯಂತಹ ಹಗುರವಾದ, ಅಗಲವಾದ ಭಾಗಗಳಿಗೆ ಸದ್ದು ನೇರವಾಗಿ ಮೈಮೇಲೆಯೇ ಬಡಿಯುತ್ತದೆ. ಕಂಪ್ಯೂಟರಿನಲ್ಲೇ ಲೆಕ್ಕ ಹಾಕಬಹುದಲ್ಲ ಎಂಬ ಮಾತಿನಲ್ಲಿ ಹುರುಳಿದೆ, ಲೆಕ್ಕವನ್ನು ಹಾಕಿಯೇ ಹಾಕುತ್ತಾರೆ. ಆದರೆ ಬೋಲ್ಟು, ಅಂಟು, ಬೆಸುಗೆಗಳ ಕೂಡಿಕೆಯಲ್ಲಿ ಕಂಪನ ಎಷ್ಟು ಕರಗಿಹೋಗುತ್ತದೆ ಎಂಬುದು ಸಮೀಕರಣಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ಅದನ್ನು ಅಳೆದೇ ನೋಡಬೇಕು.

ಇಂಥ ಕೋಣೆಗಳಲ್ಲಿ ಮಾಮೂಲಿ ಸ್ಪೀಕರ್ ಏನೇನೂ ಸಾಲದು. ಒತ್ತಡದ ನೈಟ್ರೋಜನ್ ಅನಿಲವನ್ನು ಕವಾಟದ ಮೂಲಕ ಹಾಯಿಸಿ, ಆ ಕವಾಟವನ್ನು ವಿದ್ಯುತ್ ಸಂಕೇತದ ತಾಳಕ್ಕೆ ತೆರೆದು ಮುಚ್ಚುತ್ತಾರೆ. ತುಂಡು ತುಂಡಾದ ಅನಿಲದ ಹೊಳೆ ದೊಡ್ಡ ಕಹಳೆಗಳ ಮೂಲಕ ಕೋಣೆಗೆ ನುಗ್ಗುತ್ತದೆ. ನೈಟ್ರೋಜನ್ನೇ ಏಕೆಂದರೆ, ತೇವವುಳ್ಳ ಗಾಳಿ ಎತ್ತರದ ಸ್ವರಗಳನ್ನು ಬೇಗ ನುಂಗಿಬಿಡುತ್ತದೆ, ಒಣ ನೈಟ್ರೋಜನ್ ಹಾಗೆ ಮಾಡುವುದಿಲ್ಲ. ಪರೀಕ್ಷೆಯ ವೇಳೆ ಒಳಗೆ ಯಾರೂ ಇರುವಂತಿಲ್ಲ. ಮುಗಿದ ಮೇಲೂ ಆಮ್ಲಜನಕದ ಪ್ರಮಾಣ ಅಳೆದೇ ಬಾಗಿಲು ದಾಟಬೇಕು. ಉಪಗ್ರಹದ ಸುತ್ತ ಮೈಕ್ರೊಫೋನುಗಳು, ಅದರ ಮೈಗೆ ಅಂಟಿಸಿದ ಕಂಪನಮಾಪಕಗಳು. ಮೊದಲು ಮೆಲ್ಲನೆಯ ಸದ್ದು ಕೊಟ್ಟು ಯಾವ ಭಾಗ ಯಾವ ಆವರ್ತನದಲ್ಲಿ ಅನುರಣಿಸುತ್ತದೆ ಎಂದು ಬರೆದಿಟ್ಟುಕೊಳ್ಳುತ್ತಾರೆ. ಆಮೇಲೆ ಪೂರ್ಣ ಅಬ್ಬರ, ಬಹಳವೆಂದರೆ ಒಂದೆರಡು ನಿಮಿಷ. ಮತ್ತೆ ಅದೇ ಮೆಲ್ಲನೆಯ ಸದ್ದು. ಮೊದಲಿನ ಗೆರೆಚಿತ್ರವೂ ಕೊನೆಯದೂ ಹೊಂದಿದರೆ ಸರಿ. ಒಂದು ಶಿಖರ ಪಕ್ಕಕ್ಕೆ ಜರುಗಿದ್ದರೆ ಎಲ್ಲೋ ಬೋಲ್ಟು ಸಡಿಲಿದೆ, ಇಲ್ಲವೇ ಪದರ ಬಿಟ್ಟಿದೆ. ಸಂತೆಯಲ್ಲಿ ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೊಳ್ಳುವವರ ಜಾಣ್ಮೆಯೇ ಇದು. ಚಂದ್ರಯಾನ-3 ಹಾರಿದ್ದು 2023ರ ಜುಲೈ 14ರಂದು. ಅದೇ ವರ್ಷದ ಮಾರ್ಚಿನ ಮೊದಲ ವಾರದಲ್ಲೇ ಅದು ಕಂಪನ ಮತ್ತು ಶಬ್ದ ಪರೀಕ್ಷೆಗಳನ್ನು ಗೆದ್ದಿತ್ತು.

ಈಗ ಚಿತ್ರದುರ್ಗಕ್ಕೆ ಬರೋಣ. ಜೋಗಿಮಟ್ಟಿಯ ಸುತ್ತ, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ಗುಡ್ಡಸಾಲುಗಳಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿವೆ. ಗಾಜಿನ ನಾರು ಮತ್ತು ರಾಳದ ಎರಡು ಚಿಪ್ಪುಗಳನ್ನು ಅಂಚಿನಲ್ಲಿ ಅಂಟಿಸಿ ರೆಕ್ಕೆ ಮಾಡುತ್ತಾರೆ, ಒಳಗೆ ಟೊಳ್ಳು. ರೆಕ್ಕೆಯ ತುದಿ ಗಂಟೆಗೆ 200 ಕಿಲೋಮೀಟರ್ ಮೀರಿದ ವೇಗದಲ್ಲಿ ಗಾಳಿಯನ್ನು ಸೀಳುವುದರಿಂದ ಮಳೆಹನಿ, ಧೂಳು ಮುಂದಂಚನ್ನು ಕೊರೆಯುತ್ತವೆ. ಸಿಡಿಲು ತೂತು ಮಾಡುತ್ತದೆ. ಅಂಟು ಬಿರುಕು ಬಿಡುತ್ತದೆ. ಕೊರೆದ ಅಂಚು ಭೋರ್ಗರೆಯುತ್ತದೆ, ತೂತಾದ ರೆಕ್ಕೆ ಸಿಳ್ಳೆ ಹಾಕುತ್ತದೆ. ಗಾಳಿಯ ಆರ್ಭಟದಲ್ಲಿ, ಗೇರ್‌ಬಾಕ್ಸಿನ ಗೊರಗೊರದಲ್ಲಿ ಇದು ಕೇಳೀತೇ ಎಂಬ ಆಕ್ಷೇಪ ಸಹಜ. ಆದರೆ ಮೂರೂ ರೆಕ್ಕೆಗಳು ಹಾಯುವುದು ಅದೇ ಗಾಳಿಯಲ್ಲಿ. ನಿಮಿಷಕ್ಕೆ 15 ಸುತ್ತು ತಿರುಗುವ ಯಂತ್ರದಲ್ಲಿ ಒಂದೊಂದು ರೆಕ್ಕೆ ನಾಲ್ಕು ಸೆಕೆಂಡಿಗೊಮ್ಮೆ ಕೆಳಗೆ ಬರುತ್ತದೆ. ಬುಡದಲ್ಲಿಟ್ಟ ಮೈಕ್ರೊಫೋನಿನ ದಾಖಲೆಯನ್ನು ಆ ಲಯಕ್ಕೆ ಕತ್ತರಿಸಿ ನೂರಾರು ಸುತ್ತುಗಳ ಸರಾಸರಿ ತೆಗೆದರೆ ಅಡ್ಡಾದಿಡ್ಡಿ ಗದ್ದಲ ತಗ್ಗಿ, ಉಳಿದೆರಡಕ್ಕಿಂತ ಬೇರೆಯಾಗಿ ಸದ್ದು ಮಾಡುವ ರೆಕ್ಕೆ ಎದ್ದು ಕಾಣುತ್ತದೆ. ಮೂರೂ ಒಂದೇ ಸಮನೆ ಸವೆದಿದ್ದರೆ ಈ ಹೋಲಿಕೆ ಕೈಕೊಡುತ್ತದೆ. ಹೊಸ ರೆಕ್ಕೆ ಏರಿಸಿದ ದಿನದ ಸದ್ದನ್ನು ಕಾದಿಟ್ಟರೆ ಅದಕ್ಕೂ ಪರಿಹಾರವುಂಟು. ಒಳಗಿನ ಅಂಟಿನ ಬಿರುಕು ಹೊರಗೆ ಕೇಳಿಸದಿರಬಹುದು, ಅದಕ್ಕೆ ರೆಕ್ಕೆಯೊಳಗೇ ಸಂವೇದಕ ಕೂರಿಸಬೇಕು. ಡ್ರೋನ್ ಚಿತ್ರಗಳು ಸಾಕು ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಡ್ರೋನ್ ಹಾರಿಸಲು ಸಾಮಾನ್ಯವಾಗಿ ಯಂತ್ರ ನಿಲ್ಲಿಸಬೇಕಾಗುತ್ತದೆ, ಮೈಕ್ರೊಫೋನಿಗೆ ಯಂತ್ರ ತಿರುಗುತ್ತಿರಬೇಕು. ಒಂದು ಇನ್ನೊಂದಕ್ಕೆ ಬದಲಿಯಲ್ಲ. ಎಲ್ಲಿ ಡ್ರೋನ್ ಬೇಕೆಂದು ಮೈಕ್ರೊಫೋನ್ ಹೇಳಬಲ್ಲದು.

ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಅಲ್ಲಿ ಶಿಕ್ಷಕರಿಗೆ ತರಬೇತಿಯೂ ನಡೆಯುತ್ತದೆ, ಈ ಆಲಿಸುವ ವಿದ್ಯೆಯನ್ನೂ ಅಲ್ಲೇ ಕಲಿಸಬಹುದು. ಸದ್ದು ದಾಖಲಿಸುವುದು, ಅದನ್ನು ಆವರ್ತನಗಳಾಗಿ ಬಿಡಿಸುವುದು ಐಟಿಐ ಹುಡುಗ ಹುಡುಗಿಯರ ಕೈಗೆಟುಕದ ವಿದ್ಯೆಯೇನಲ್ಲ, ಇವತ್ತು ಮೊಬೈಲಿನಲ್ಲೇ ಅದರ ಆರಂಭಪಾಠ ಮಾಡಬಹುದು. ಗಾಳಿಯಂತ್ರದ ಕಂಪನಿಗಳು ತಮ್ಮ ಯಂತ್ರಗಳ ಸದ್ದಿನ ದಾಖಲೆಯನ್ನು ಜಿಲ್ಲೆಯ ಕಾಲೇಜುಗಳಿಗೆ ತೆರೆದಿಡಲಿ, ಹೊಸದುರ್ಗ, ಹೊಳಲ್ಕೆರೆಯ ಐಟಿಐಗಳಲ್ಲಿ ಈ ಪಾಠ ಬರುವ ವರ್ಷದಿಂದಲೇ ಶುರುವಾಗಲಿ.