ಕಿಷ್ಕಿಂಧೆಯ ಪಟ್ಟ, ಮಾಲ್ಯವಂತದ ಮಳೆ

ಕಮಲಾಪುರದಿಂದ ಕಂಪ್ಲಿಯತ್ತ ಹೊರಡುವ ರಸ್ತೆಯಲ್ಲಿ ಸ್ವಲ್ಪ ದೂರ ಸಾಗಿದರೆ ಮಾಲ್ಯವಂತ ಗುಡ್ಡ ಎದುರಾಗುತ್ತದೆ. ದೊಡ್ಡ ಬಂಡೆಯೊಂದನ್ನು ಒಳಗಿಟ್ಟುಕೊಂಡು, ಅದರ ನೆತ್ತಿಯ ಮೇಲೆ ಶಿಖರವನ್ನೆತ್ತಿದ ರಘುನಾಥ ದೇಗುಲ ಅಲ್ಲಿದೆ. ವಾಲಿವಧೆಯ ನಂತರ ರಾಮಲಕ್ಷ್ಮಣರು ಮಳೆಗಾಲ ಕಳೆದದ್ದು ಇಲ್ಲಿಯೇ ಎಂಬುದು ಈ ಸೀಮೆಯ ನಂಬಿಕೆ. ಕಳೆದ ಶ್ರಾವಣದಲ್ಲಿ ಹೊಸಪೇಟೆಗೆ ಬಂಧುಗಳ ಮನೆಯ ಸಮಾರಂಭಕ್ಕೆಂದು ಹೋದವನು, ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಗುಡ್ಡ ಹತ್ತಿದೆ. ಬರಬೇಕಾದ ಮಳೆ ಬಂದಿರಲಿಲ್ಲ. ಕಲ್ಲುಗಳ ನಡುವೆ ಗಾಳಿ ಮಾತ್ರ ಇತ್ತು.

ಪಟ್ಟಾಭಿಷೇಕ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಅಯೋಧ್ಯೆಯ ಚಿತ್ರ. ಮನೆಮನೆಯ ಗೋಡೆಯ ಮೇಲೂ ಅದೇ ಪಟ. ಆದರೆ ರಾಮಾಯಣದಲ್ಲಿ ಪಟ್ಟಾಭಿಷೇಕಗಳು ಹಲವು. ಒಂದು ಮುಹೂರ್ತದ ಹಿಂದಿನ ರಾತ್ರಿ ತಪ್ಪಿಹೋಗುತ್ತದೆ. ಮತ್ತೊಂದು, ಸಿಂಹಾಸನದ ಮೇಲೆ ಪಾದುಕೆಯನ್ನಿಟ್ಟು ನಡೆದ ಪ್ರಭಾರ ಆಡಳಿತ. ವಿಭೀಷಣನಿಗಂತೂ ಲಂಕೆ ಕೈಗೆ ಬರುವ ಮೊದಲೇ ಕಡಲ ದಡದಲ್ಲಿ ಸಮುದ್ರದ ನೀರಿನಿಂದ ಅಭಿಷೇಕವಾಗುತ್ತದೆ. ಇವೆಲ್ಲದರ ನಡುವೆ ನಮ್ಮ ನಾಡಿನ ನೆಲಕ್ಕೆ ಅಂಟಿಕೊಂಡಿರುವುದು ಸುಗ್ರೀವನ ಪಟ್ಟ.

ವಾಲ್ಮೀಕಿ ಇದನ್ನು ಕಿಷ್ಕಿಂಧಾಕಾಂಡದ ಇಪ್ಪತ್ತಾರನೆಯ ಸರ್ಗದಲ್ಲಿ ವರ್ಣಿಸುತ್ತಾನೆ. ನಗರಕ್ಕೆ ಬಂದು ಪಟ್ಟ ಕಟ್ಟಬೇಕೆಂದು ಹನುಮಂತ ಬೇಡಿಕೊಂಡಾಗ, ಹದಿನಾಲ್ಕು ವರ್ಷ ಊರನ್ನಾಗಲಿ ನಗರವನ್ನಾಗಲಿ ಪ್ರವೇಶಿಸಲಾರೆ ಎಂದು ರಾಮ ನಿರಾಕರಿಸುತ್ತಾನೆ. ಹಾಗೆಂದು ವಿಷಯವನ್ನು ಅಲ್ಲಿಗೆ ಬಿಡುವುದಿಲ್ಲ. ಅಂಗದನನ್ನು ಯುವರಾಜನನ್ನಾಗಿ ಮಾಡಬೇಕು ಎಂದು ವಿಧಿಸುತ್ತಾನೆ. ಕೊಲ್ಲಲ್ಪಟ್ಟ ದೊರೆಯ ಮಗನನ್ನೇ ಉತ್ತರಾಧಿಕಾರಿಯಾಗಿಸುವ ಈ ಏರ್ಪಾಡು ನನಗೆ ಇಡೀ ಪ್ರಸಂಗದ ಅತ್ಯಂತ ವಿವೇಕದ ಭಾಗವಾಗಿ ಕಾಣುತ್ತದೆ. ಇಲ್ಲವಾದರೆ ಕಿಷ್ಕಿಂಧೆ ಆ ವಾರವೇ ಎರಡು ಪಕ್ಷವಾಗಿ ಒಡೆಯುತ್ತಿತ್ತು. ಮುಂದೆ ಬಂಗಾರದ ಕಲಶಗಳಲ್ಲಿ ನದಿಗಳ, ಸಮುದ್ರಗಳ ನೀರು. ಶ್ವೇತಚ್ಛತ್ರ, ಎರಡು ಚಾಮರ, ವ್ಯಾಘ್ರಚರ್ಮ, ಹದಿನಾರು ಕನ್ಯೆಯರು. ಗಜ, ಗವಾಕ್ಷ, ಜಾಂಬವಂತ, ಹನುಮಂತ ಮೊದಲಾದವರು ಸೇರಿ ಮಾಡಿದ ಜಲಾಭಿಷೇಕ. ಕನ್ನಡದಲ್ಲಿ ನಾವು ಹಣೆಗೆ ಕಟ್ಟುವ ಪಟ್ಟಿಯನ್ನು ಮುಂದಿಟ್ಟು 'ಪಟ್ಟ ಕಟ್ಟುವುದು' ಎನ್ನುತ್ತೇವೆ. ಆದಿಕಾವ್ಯಕ್ಕೆ ಮುಖ್ಯವಾದದ್ದು ನೀರು.

ಹಂಪಿಯ ಚಕ್ರತೀರ್ಥದ ದಡದಲ್ಲಿರುವ ಕೋದಂಡರಾಮ ದೇವಾಲಯವನ್ನು ತೋರಿಸಿ, ರಾಮನು ಸುಗ್ರೀವನಿಗೆ ಪಟ್ಟ ಕಟ್ಟಿದ್ದು ಇಲ್ಲಿಯೇ ಎಂದು ಸ್ಥಳೀಯರು ಹೇಳುತ್ತಾರೆ. ಕಾವ್ಯದ ಮಾತಿಗೂ ಈ ಮಾತಿಗೂ ವಿರೋಧವುಂಟಲ್ಲ ಎಂದು ಮೊದಲು ನನಗೂ ಅನ್ನಿಸಿತ್ತು. ಯೋಚಿಸಿದಾಗ ಹೊಳೆಯಿತು: ಊರೊಳಗೆ ಬಾರದವನ ಕೈಯಿಂದ ಪಟ್ಟ ಕಟ್ಟಿಸಬೇಕಾದರೆ ಊರ ಹೊರಗಿನ ಹೊಳೆಯ ದಡವೇ ಆಗಬೇಕಲ್ಲವೆ? ರಾಮನ ವ್ರತವೂ ಕೆಡಲಿಲ್ಲ, ಜನರ ಆಸೆಯೂ ತೀರಿತು. ನೀರಂತೂ ಕೈಯಳತೆಯಲ್ಲೇ ಇದೆ.

ಇದೇ ನೆಲದಲ್ಲಿ ಇತಿಹಾಸದ ಪಟ್ಟಾಭಿಷೇಕವೂ ದಾಖಲಾಗಿದೆ. ವಿರೂಪಾಕ್ಷ ದೇವಾಲಯದಲ್ಲಿರುವ 1510ರ ಶಾಸನವು ಕೃಷ್ಣದೇವರಾಯನ ಪಟ್ಟಾಭಿಷೇಕದ ಸಂದರ್ಭದಲ್ಲಿ ರಂಗಮಂಟಪವನ್ನೂ ಗೋಪುರವನ್ನೂ ಕಟ್ಟಿಸಿ, ದೇವರಿಗೆ ಗ್ರಾಮವೊಂದನ್ನು ದತ್ತಿಬಿಟ್ಟದ್ದನ್ನು ಹೇಳುತ್ತದೆ. ಅರ್ಥಶಾಸ್ತ್ರ ಓದಿದವನಾದ್ದರಿಂದ ನನ್ನ ಕಣ್ಣು ಮೊದಲು ಹೋಗುವುದು ವೆಚ್ಚದ ಬಾಬಿಗೆ. ಛತ್ರ, ಚಾಮರಗಳು ಎಂದೋ ಮಣ್ಣಾದವು. ಕಲ್ಲಿನ ಮಂಟಪದಲ್ಲಿ ಇಂದಿಗೂ ಯಾತ್ರಿಕರು ಬೆನ್ನು ಒರಗಿಸುತ್ತಾರೆ.

ಆದರೆ ಸುಗ್ರೀವನ ಕಥೆ ನನ್ನನ್ನು ಕಾಡುವುದು ಪಟ್ಟದ ದಿನದಿಂದಲ್ಲ, ಆಮೇಲಿನ ನಾಲ್ಕು ತಿಂಗಳಿಂದ. ಈಗ ಶ್ರಾವಣ, ಮಳೆಗಾಲದ ಮೊದಲ ತಿಂಗಳು. ಕಾರ್ತಿಕ ಬಂದಾಗ ಕೆಲಸಕ್ಕೆ ತೊಡಗು ಎಂದು ರಾಮ ಗಡುವು ಕೊಟ್ಟು ಗುಡ್ಡಕ್ಕೆ ಹೋದ. ಮಳೆ ನಿಂತಿತು, ಆಕಾಶ ತಿಳಿಯಾಯಿತು. ಅರಮನೆಯಲ್ಲಿ ಅದು ಯಾರಿಗೂ ನೆನಪಿಲ್ಲ, ಮಂತ್ರಿ ಹನುಮಂತನೊಬ್ಬನಿಗೆ ಹೊರತು. ಅವನು ಎಚ್ಚರಿಸಿದ ಮೇಲೆ ಸುಗ್ರೀವ ನೀಲನನ್ನು ಕರೆದು, ಹದಿನೈದು ದಿನಗಳಲ್ಲಿ ಸೇನೆ ಸೇರಬೇಕೆಂದು ಆಜ್ಞಾಪಿಸಿ, ಮತ್ತೆ ಅಂತಃಪುರಕ್ಕೆ ಹೊರಟುಹೋದ. ಈ ಭಾಗವನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಆದೇಶ ಹೊರಟಿದೆ, ಕಡತದ ಮಟ್ಟಿಗೆ ಕೆಲಸ ಮುಗಿದಿದೆ! ಕೊನೆಗೆ ಲಕ್ಷ್ಮಣ ಬಿಲ್ಲು ಹಿಡಿದು ಬಾಗಿಲಿಗೆ ಬರಬೇಕಾಯಿತು. ತಾರೆ ಮುಂದೆ ಬಂದು ಸಮಾಧಾನ ಹೇಳಬೇಕಾಯಿತು.

ನಗುವ ಹಕ್ಕು ನನಗಿಲ್ಲ. ಸೇವೆಯ ಆರಂಭದ ವರ್ಷಗಳಲ್ಲಿ, ಬೇರೊಂದು ಜಿಲ್ಲೆಯಲ್ಲಿ, ಶಿಥಿಲವಾಗಿದ್ದ ಕೆರೆಯ ತೂಬನ್ನು ಮಳೆ ನಿಂತೊಡನೆ ದುರಸ್ತಿ ಮಾಡಿಸುತ್ತೇನೆಂದು ಏರಿಯ ಮೇಲೆ ನಿಂತು ಮಾತು ಕೊಟ್ಟಿದ್ದೆ. ಊರಿನವರು ಹಾರ ಹಾಕಿದ್ದರು. ದೀಪಾವಳಿಯ ಹೊತ್ತಿಗೆ ಬಡ್ತಿಯ ಆದೇಶ ಬಂತು. ಹೊರಡುವ ಮುನ್ನ ಕೆಳಗಿನ ಕಚೇರಿಗೆ ಪತ್ರವೊಂದಕ್ಕೆ ಸಹಿ ಹಾಕಿದೆ, ಅಷ್ಟೆ. ಮರುವರ್ಷ ತೂಬು ಕಿತ್ತುಹೋಗಿ, ಸೇರಿದ್ದ ನೀರು ಒಂದೇ ರಾತ್ರಿಯಲ್ಲಿ ಹಳ್ಳಕ್ಕೆ ಹರಿಯಿತು; ಕೆಳಗಿನ ಗದ್ದೆಗಳು ಆ ಬೇಸಿಗೆ ಪಾಳುಬಿದ್ದವು. ಆ ಊರಿನ ಹಿರಿಯರೊಬ್ಬರು ಹೊಸ ಕಚೇರಿಯವರೆಗೆ ನನ್ನನ್ನು ಹುಡುಕಿಕೊಂಡು ಬಂದಿದ್ದರು. ಬೈಯಲಿಲ್ಲ. ಬಡ್ತಿಯಾದದ್ದು ಸಂತೋಷ ಎಂದರು, ನೀರು ಕುಡಿದರು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಬಿಲ್ಲು ಹಿಡಿದು ಬಂದಿದ್ದರೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು.

ಗುಡ್ಡದಿಂದ ಇಳಿದು ಕಮಲಾಪುರಕ್ಕೆ ಮರಳುವಾಗ ಕೆರೆಯ ಬಳಿ ಕಾರು ನಿಲ್ಲಿಸಿದೆ. ವಿಜಯನಗರದ ಅರಸರ ಕಾಲದ ಕೆರೆ. ಇನ್ನೂ ನೀರು ಹಿಡಿಯುತ್ತಿದೆ. ಏರಿಯ ಮೇಲೆ ಒಬ್ಬಾತ ಎಮ್ಮೆಗಳನ್ನು ಹೊಡೆದುಕೊಂಡು ಬರುತ್ತಿದ್ದ. ಮಳೆ ಬರುವಂತಿದೆಯೇ ಎಂದು ಕೇಳಿದೆ. ಅವನು ಮಾಲ್ಯವಂತದ ಕಡೆ ಒಮ್ಮೆ ನೋಡಿ, "ಬರ್‍ತೈತ್ರಿ, ಸಂಜಿಗೆ" ಎಂದ.