ಒಂದೇ ಅಳತೆಯ ಅಂಗಿ ಎಲ್ಲ ಮಕ್ಕಳಿಗೂ ಹೊಂದೀತೇ?

“ಎಷ್ಟು ಸಲ ಹೇಳಿಕೊಟ್ಟರೂ ಇವನ ತಲೆಗೇ ಹೋಗಲ್ಲ ಕಣ್ರೀ. ಇವನ ಅಕ್ಕ ಹೀಗಿರಲಿಲ್ಲ!”

ಶಾಲೆಯ ಗೇಟಿನ ಬಳಿ, ಹೂವಿನ ಅಂಗಡಿಯ ಮುಂದೆ, ಮದುವೆ ಮನೆಯ ಪಂಕ್ತಿಯಲ್ಲಿ ಈ ಮಾತನ್ನು ಕೇಳದ ತಾಯಿ ಇರಲಾರಳು. ಮಾತು ಆಡಿದವರಿಗೆ ಮರೆತುಹೋಗುತ್ತದೆ. ಪಕ್ಕದಲ್ಲಿ ಸೆರಗು ಹಿಡಿದು ನಿಂತ ಮಗುವಿಗೆ ಮಾತ್ರ ಮರೆಯುವುದಿಲ್ಲ. ನಾಲ್ಕು ಸಲ ಕೇಳಿಸಿಕೊಂಡ ಮೇಲೆ ‘ನಾನು ದಡ್ಡ’ ಎಂದು ಅದು ತಾನೇ ತೀರ್ಮಾನಿಸಿಬಿಡುತ್ತದೆ.

ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಒಂದೇ ಸಮನೆ ಕಲಿಯುವುದಿಲ್ಲ. ಹಾಗಿರುವಾಗ ಮೂವತ್ತು ನಲವತ್ತು ಮಕ್ಕಳ ತರಗತಿಯಲ್ಲಿ ಎಲ್ಲರೂ ಒಂದೇ ಹೆಜ್ಜೆ ಹಾಕಬೇಕೆಂದರೆ ಹೇಗೆ? ಒಬ್ಬನಿಗೆ ಮನೆಮಾತು ಕನ್ನಡ, ಇನ್ನೊಬ್ಬಳಿಗೆ ತುಳು, ಮತ್ತೊಬ್ಬನಿಗೆ ಉರ್ದು ಅಥವಾ ಲಂಬಾಣಿ. ಒಬ್ಬಳಿಗೆ ಹಲಗೆಯ ಅಕ್ಷರ ಮಸುಕು, ಇನ್ನೊಬ್ಬನಿಗೆ ಕಿವಿ ಮಂದ. ಎಲ್ಲರಿಗೂ ಪುಸ್ತಕ ಒಂದೇ, ಪಾಠ ಒಂದೇ, ಗಂಟೆಯೂ ಒಂದೇ. ಟೀಚರ್ ಪಾಪ, ನಡುಮಟ್ಟದ ಮಕ್ಕಳಿಗೆ ಹೊಂದುವಂತೆ ಪಾಠ ಮಾಡಿ ಮುಂದೆ ಹೋಗುತ್ತಾರೆ. ಮುಂದಿರುವವರಿಗೆ ಬೇಸರ, ಹಿಂದಿರುವವರಿಗೆ ಕಣ್ಣೀರು!

ಈ ತೊಡಕಿಗೆ ಕಂಪ್ಯೂಟರ್ ಮತ್ತು ಮೊಬೈಲಿನ ಕಲಿಕಾ ತಂತ್ರಾಂಶಗಳು ಎಷ್ಟರಮಟ್ಟಿಗೆ ಸಹಾಯ ಮಾಡಬಲ್ಲವು? ಜಾಹೀರಾತಿನವರ ಮಾತು ಬದಿಗಿರಲಿ. ನಡೆದ ಪ್ರಯೋಗಗಳು ಏನು ಹೇಳುತ್ತವೆ, ನೋಡೋಣ.

ತಪ್ಪಿನ ಹಿಂದಿನ ಕಾರಣ

52ರಲ್ಲಿ 17 ಕಳೆಯಲು ಮಗುವಿಗೆ ಹೇಳಿ. ಅನೇಕ ಮಕ್ಕಳು 45 ಎಂದು ಬರೆಯುತ್ತಾರೆ. ಅಜಾಗರೂಕತೆ ಎಂದು ಗದರಬೇಡಿ. ಮಗು ಏಳರಲ್ಲಿ ಎರಡನ್ನು ಕಳೆದಿದೆ, ಐದರಲ್ಲಿ ಒಂದನ್ನು ಕಳೆದಿದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬ ನಿಯಮವನ್ನು ಶ್ರದ್ಧೆಯಿಂದಲೇ ಪಾಲಿಸಿದೆ! ಅದಕ್ಕೆ ತಿಳಿಯದಿರುವುದು ‘ದಶಕ’ ಮಾತ್ರ. ಹತ್ತರ ಕಟ್ಟೊಂದನ್ನು ಬಿಚ್ಚಿ ಬಿಡಿಯಾಗಿಸುವುದು ಬಂದರೆ 35 ತಾನಾಗಿಯೇ ಬರುತ್ತದೆ.

ನಲವತ್ತು ನೋಟ್‌ಬುಕ್ ತಿದ್ದುವ ಟೀಚರಿಗೆ ಕೆಂಪು ಗೆರೆ ಎಳೆಯುವಷ್ಟೇ ಬಿಡುವು. ಒಳ್ಳೆಯ ತಂತ್ರಾಂಶವಾದರೆ, ಒಂದೇ ಬಗೆಯ ತಪ್ಪು ಮೂರು ನಾಲ್ಕು ಲೆಕ್ಕಗಳಲ್ಲಿ ಬಂದರೆ ಅದನ್ನು ಗುರುತಿಸಿ ಮಗುವನ್ನು ದಶಕದ ಪಾಠಕ್ಕೆ ಹಿಂದೆ ಕರೆದೊಯ್ಯುತ್ತದೆ. ಪಕ್ಕದಲ್ಲಿ ಕೂತ ಹುಡುಗಿಗೆ ಅದು ಬರುವುದಾದರೆ ಅವಳನ್ನು ಮುಂದಿನ ಲೆಕ್ಕಕ್ಕೆ ಕಳಿಸುತ್ತದೆ. ಬೈಯುವುದಿಲ್ಲ, ಹತ್ತನೇ ಸಲ ಕೇಳಿದರೂ ಬೇಸರಪಡುವುದಿಲ್ಲ, ಅಕ್ಕನ ಹೆಸರು ಎತ್ತುವುದೂ ಇಲ್ಲ.

ವಡೋದರದ ಕಥೆ

ಗುಜರಾತಿನ ವಡೋದರ ನಗರದಲ್ಲಿ ನಗರಸಭೆಯ ನೂರು ಪ್ರಾಥಮಿಕ ಶಾಲೆಗಳಿಗೆ ಸರ್ಕಾರ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು. 2002ರಲ್ಲಿ ನೋಡಿದಾಗ ಬಹುಪಾಲು ಶಾಲೆಗಳಲ್ಲಿ ಮಕ್ಕಳು ಅವನ್ನು ಮುಟ್ಟಿಯೇ ಇರಲಿಲ್ಲ. ಆಗ ‘ಪ್ರಥಮ್’ ಸಂಸ್ಥೆ ನಾಲ್ಕನೇ ತರಗತಿಯ ಮಕ್ಕಳಿಗೆ ಗಣಿತದ ಆಟಗಳನ್ನು ಅಳವಡಿಸಿತು. ವಾರಕ್ಕೆ ಎರಡೇ ಗಂಟೆ. ಒಂದು ಶಾಲಾವೇಳೆಯಲ್ಲಿ, ಇನ್ನೊಂದು ಶಾಲೆಗೆ ಮುಂಚೆ ಅಥವಾ ಬಿಟ್ಟ ಮೇಲೆ. ಒಂದು ಕಂಪ್ಯೂಟರಿಗೆ ಇಬ್ಬರು ಮಕ್ಕಳು, ನೋಡಿಕೊಳ್ಳಲು ಅದೇ ಊರಿನ ತರಬೇತಿ ಪಡೆದ ಯುವಜನರು. ಮಗುವಿನ ಉತ್ತರ ನೋಡಿಕೊಂಡು ಲೆಕ್ಕ ಸುಲಭವಾಗುತ್ತಿತ್ತು, ಇಲ್ಲವೇ ಕಠಿಣವಾಗುತ್ತಿತ್ತು.

ಗಣಿತದಲ್ಲಿ ಮಕ್ಕಳು ಸ್ಪಷ್ಟವಾಗಿ ಮುಂದೆ ಬಂದರು. ಆದರೆ ಭಾಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲ; ಆಟಗಳಿದ್ದುದು ಗಣಿತಕ್ಕೆ ತಾನೇ! ಕಾರ್ಯಕ್ರಮ ನಿಂತು ಒಂದು ವರ್ಷವಾದ ಮೇಲೆ ಲಾಭದ ಹೆಚ್ಚಿನ ಭಾಗ ಕರಗಿ ಸ್ವಲ್ಪ ಮಾತ್ರ ಉಳಿದಿತ್ತು. ಅಭ್ಯಾಸ ಬಿಟ್ಟರೆ ಸಂಗೀತವೂ ಹೋಗುತ್ತದೆ, ಲೆಕ್ಕವೂ ಹೋಗುತ್ತದೆ. ಈ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅದರಲ್ಲಿ ಪಾಲ್ಗೊಂಡಿದ್ದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು.

ದೆಹಲಿಯಲ್ಲಿ 2015ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಶಾಲೆ ಬಿಟ್ಟ ಮೇಲೆ 45 ನಿಮಿಷ ತಂತ್ರಾಂಶ, 45 ನಿಮಿಷ ಗುಂಪು ಪಾಠ. ಮಕ್ಕಳನ್ನು ಪರೀಕ್ಷಿಸಿದಾಗ ತಿಳಿದ ಸಂಗತಿ ಎದೆ ಹಿಂಡುವಂಥದು. ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು! ಮೂರನೇ ತರಗತಿಯಲ್ಲಿ ಬಿಟ್ಟುಹೋದ ಎಳೆಯನ್ನು ಯಾರೂ ಹಿಡಿಯದೆ ತರಗತಿಯಿಂದ ತರಗತಿಗೆ ತಳ್ಳಿದ ಫಲ ಅದು. ತಂತ್ರಾಂಶ ಪ್ರತಿ ಮಗುವಿಗೂ ಅದರ ನಿಜವಾದ ಮಟ್ಟದಿಂದಲೇ ಪಾಠ ಶುರು ಮಾಡಿತು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಪ್ರಗತಿ ಕಂಡಿತು.

ಯಂತ್ರ ತಂದಿಟ್ಟರೆ ಸಾಲದು

ಮಿಕ್ಸಿ ತಂದಿಟ್ಟ ಮಾತ್ರಕ್ಕೆ ಚಟ್ನಿ ಆಗುತ್ತದೆಯೇ? ದಕ್ಷಿಣ ಅಮೆರಿಕದ ಪೆರು ದೇಶದ ಹಳ್ಳಿಶಾಲೆಗಳ ಮಕ್ಕಳಿಗೆ ಸರ್ಕಾರ ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ ಗಣಿತ, ಭಾಷೆ ಎರಡರಲ್ಲೂ ಏನೂ ಲಾಭವಾಗಿರಲಿಲ್ಲ. ಗುಜರಾತಿನಲ್ಲೇ ನಡೆದ ಇನ್ನೊಂದು ಪ್ರಯೋಗದಲ್ಲಿ ಶಿಕ್ಷಕಿಯ ಪಾಠದ ಸಮಯವನ್ನು ಕಡಿಮೆ ಮಾಡಿ ಕಂಪ್ಯೂಟರ್ ಕೊಟ್ಟಾಗ ಮಕ್ಕಳ ಕಲಿಕೆ ಕುಗ್ಗಿತು. ಅದನ್ನೇ ಪಾಠದ ಜೊತೆಗೆ, ಬೇರೆ ಹೊತ್ತಿನಲ್ಲಿ ಕೊಟ್ಟಾಗ ಕಲಿಕೆ ಹೆಚ್ಚಿತು. ಊಟಕ್ಕೆ ಉಪ್ಪಿನಕಾಯಿ ಬೇಕು. ಉಪ್ಪಿನಕಾಯಿಯೇ ಊಟವಾಗಬಾರದು.

ನಮ್ಮ ‘ನಲಿ-ಕಲಿ’ಯನ್ನು ನೆನೆಯಿರಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಕಂಪ್ಯೂಟರ್ ಇರಲಿಲ್ಲ. ಇದ್ದದ್ದು ಕಲಿಕಾ ಏಣಿ ಮತ್ತು ಕಾರ್ಡುಗಳು. ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ, ಜ್ವರ ಬಂದು ವಾರ ತಪ್ಪಿಸಿಕೊಂಡರೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ತಂತ್ರಾಂಶದವರು ಇಂದು ಹೇಳುವ ತತ್ತ್ವವನ್ನು ನಮ್ಮ ಹಳ್ಳಿಯ ಮೇಷ್ಟ್ರುಗಳು ರಟ್ಟಿನ ಕಾರ್ಡಿನಲ್ಲೇ ಮಾಡಿ ತೋರಿಸಿದ್ದರು!

ವಿಶೇಷ ಆರೈಕೆ ಬೇಕಾದ ಮಕ್ಕಳಿಗೆ

ತಂತ್ರಾಂಶದ ನಿಜವಾದ ಉಪಕಾರ ಕಾಣುವುದು ಇಲ್ಲಿ. ದೃಷ್ಟಿ ಇಲ್ಲದ ಮಗುವಿಗೆ ಪರದೆಯ ಮೇಲಿನದನ್ನು ಓದಿ ಹೇಳುವ ‘ಎನ್‌ವಿಡಿಎ’ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಅದನ್ನು 2006ರಲ್ಲಿ ಆರಂಭಿಸಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಸ್ವತಃ ಅಂಧರು. ಕಿವಿ ಕೇಳದ ಮಕ್ಕಳಿಗಾಗಿ ಭಾರತೀಯ ಸನ್ನೆ ಭಾಷೆಯ 10,000 ಪದಗಳ ನಿಘಂಟು 2021ರಲ್ಲಿ ವಿಡಿಯೋ ರೂಪದಲ್ಲಿ ಬಂದಿದೆ. ಮಾತು ಬಾರದ ಮಗು ಚಿತ್ರ ಮುಟ್ಟಿದರೆ ಅದರ ಪರವಾಗಿ ಮಾತಾಡುವ ‘ಆವಾಜ್’ ಚೆನ್ನೈನಲ್ಲಿ ತಯಾರಾದದ್ದು. ‘ಅಮ್ಮಾ, ಹಸಿವು’ ಎಂದು ಮಗು ಮೊದಲ ಸಲ ಹೇಳುವುದನ್ನು ಕೇಳಿದ ತಾಯಿಗೆ ಅದರ ಬೆಲೆ ಬೇರೆಯವರು ಹೇಳಬೇಕಿಲ್ಲ.

ಬಾಯಲ್ಲಿ ಚುರುಕು, ಪುಸ್ತಕ ತೆರೆದರೆ ಮಾತ್ರ ತಡವರಿಕೆ - ಇಂಥ ಮಕ್ಕಳೂ ಇದ್ದಾರೆ. ‘ಪ’ ಮತ್ತು ‘ಷ’ ಅದಲುಬದಲಾಗುತ್ತದೆ, ಒತ್ತಕ್ಷರ ಬಿಟ್ಟು ‘ಅಕ್ಕ’ ‘ಅಕ’ ಆಗುತ್ತದೆ. ಎಳೆಯ ವಯಸ್ಸಿನಲ್ಲಿ ಇದು ಸಹಜ. ಮೂರನೇ ತರಗತಿ ದಾಟಿದರೂ ಹೋಗದಿದ್ದರೆ ಸೋಮಾರಿತನ ಎನ್ನದೆ ಪರೀಕ್ಷೆ ಮಾಡಿಸಿ. ಅದು ಕಲಿಕಾ ನ್ಯೂನತೆ ಇರಬಹುದು; 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇದನ್ನು ಮಾನ್ಯಮಾಡಿದೆ. ಅಕ್ಷರ ದೊಡ್ಡದಾಗಿ ಕಾಣುತ್ತ, ಓದುತ್ತಿರುವ ಪದಕ್ಕೆ ಬಣ್ಣ ಬೀಳುತ್ತ, ಜೊತೆಗೆ ದನಿಯೂ ಕೇಳುವ ಕಥೆಗಳು ಇಂಥವರಿಗೆ ಊರುಗೋಲು.

ಮನೆಯಲ್ಲಿ ನೀವು ಮಾಡಬಹುದಾದದ್ದು

1. ಮಗುವಿನ ಪಠ್ಯಪುಸ್ತಕದಲ್ಲಿ ಕಪ್ಪು-ಬಿಳುಪು ಚೌಕಾಕಾರದ ಕ್ಯೂಆರ್ ಗುರುತು ಇದೆಯೇ ನೋಡಿ. 2017ರಲ್ಲಿ ಆರಂಭವಾದ ಸರ್ಕಾರದ ‘ದೀಕ್ಷಾ’ ಆಪ್‌ನಿಂದ ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ಉಚಿತವಾಗಿ ಸಿಗುತ್ತದೆ.

2. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ನಲ್ಲಿ ಕನ್ನಡ ಕಥೆಗಳು ಉಚಿತ. ನಾಲ್ಕು ಮಟ್ಟಗಳಿವೆ. ಮಗು ನಾಲ್ಕನೇ ತರಗತಿಯಲ್ಲಿದ್ದರೂ ಓದು ತಡವರಿಸಿದರೆ ನಾಚಿಕೆಪಡದೆ ಒಂದನೇ ಮಟ್ಟದಿಂದ ಶುರು ಮಾಡಿಸಿ.

3. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಒಗ್ಗರಣೆ ಹಾಕುತ್ತಲೇ ಆದರೂ ಸರಿ, ಹತ್ತಿರವಿದ್ದು “ಇದು ಹ್ಯಾಗೆ ಬಂತು ಮರಿ, ನನಗೂ ಹೇಳು” ಅನ್ನಿ. ನಿಮಗೆ ವಿವರಿಸಲು ಹೋಗಿ ಅದರ ತಿಳಿವಳಿಕೆಯೇ ಗಟ್ಟಿಯಾಗುತ್ತದೆ.

4. ಪರದೆಯ ಮೇಲೆ ಕಲಿತದ್ದು ಕೈಗೂ ಬರಲಿ. ದಶಕ ಕಲಿಸಲು ಹತ್ತು ಹತ್ತು ಊದುಬತ್ತಿ ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ. ಭಾಗಾಕಾರಕ್ಕೆ ಚಪಾತಿ ಇದ್ದೇ ಇದೆ.

5. ಮನೆಯಲ್ಲಿರುವುದು ಒಂದೇ ಫೋನ್ ಆದರೆ ಸರದಿ ಗೊತ್ತುಮಾಡಿ. ‘ಅವನು ಗಂಡುಹುಡುಗ, ಮೊದಲು ಅವನಿಗೆ’ ಎನ್ನಬೇಡಿ. ಹುಡುಗಿಯ ಪಾಲಿನ ಇಪ್ಪತ್ತು ನಿಮಿಷ ಪಾತ್ರೆ ತೊಳೆಯುವುದರಲ್ಲಿ ಕಳೆದುಹೋಗದಿರಲಿ.

6. ‘ನಿಮ್ಮ ಮಗು ಹಿಂದೆ ಬಿದ್ದುಬಿಡುತ್ತೆ’ ಎಂದು ಹೆದರಿಸಿ ಸಾವಿರಾರು ರೂಪಾಯಿಯ ಕೋರ್ಸನ್ನು ಕಂತಿನಲ್ಲಿ ಮಾರುವವರು ಬಂದರೆ ಅಂದೇ ಸಹಿ ಹಾಕಬೇಡಿ. ಅನೇಕ ಕಡೆ ಆ ಕಂತು ನಿಮ್ಮ ಹೆಸರಿನ ಸಾಲವಾಗಿರುತ್ತದೆ. ಮೊದಲು ಉಚಿತವಾದದ್ದನ್ನು ಒಂದು ತಿಂಗಳು ಬಳಸಿ ನೋಡಿ.

ಇನ್ನೊಂದು ಮಾತು. ಮುಂದಿನ ಸಲ ಪೋಷಕರ ಸಭೆಗೆ ಹೋದಾಗ ‘ನನ್ನ ಮಗನಿಗೆ ಎಷ್ಟು ಮಾರ್ಕ್ಸು?’ ಎಂದಷ್ಟೇ ಕೇಳಿ ಬರಬೇಡಿ. ‘ಅವನಿಗೆ ಯಾವ ಮೆಟ್ಟಿಲಿನಲ್ಲಿ ಎಡವುತ್ತಿದೆ ಟೀಚರ್?’ ಎಂದು ಕೇಳಿ. ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಮಕ್ಕಳು ಅದನ್ನು ವಾರಕ್ಕೆ ಎಷ್ಟು ಗಂಟೆ ಮುಟ್ಟುತ್ತಾರೆ ಎಂದೂ ಕೇಳಿ. ನಾಲ್ಕು ಜನ ತಾಯಂದಿರು ಒಟ್ಟಾಗಿ ಕೇಳಿದರೆ ಬಟ್ಟೆ ಮುಚ್ಚಿಟ್ಟ ಪೆಟ್ಟಿಗೆ ತೆರೆಯದೆ ಇದ್ದೀತೇ? ಅದಾಗುವವರೆಗೆ ಮನೆಯಲ್ಲಿ ಒಂದು ಕೆಲಸವಂತೂ ಖರ್ಚಿಲ್ಲದೆ ಆಗುತ್ತದೆ: ಇವತ್ತಿನಿಂದ ಆ ‘ದಡ್ಡ’ ಎಂಬ ಮಾತನ್ನು ಬಿಟ್ಟುಬಿಡಿ. ಏನಂತೀರಿ?